ಕೆಳಗಿಡದ ಕಾಫಿ ಬಟ್ಟಲು

ಅಮಾರಾ ಪಟ್ಟಣದ ನಮ್ಮ ಬೀದಿಯ ಸಬ್ರಿಯಾಳಿಗೆ ಸಿನಿಮಾ ಎಂದರೆ ಪ್ರಾಣ. ಹೆಂಗಸರ ಆಟವಿದ್ದ ದಿನ ಅಪ್ಪನಿಗೆ ಬೇಗ ಬೇಯಿಸಿ ಹಾಕಿ, ಅಬಾಯಾ ಹೊದ್ದು, ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದಳು. ಅಳುವುದಕ್ಕೆ ಅವಳಿಗೊಂದು ನೆಪ ಬೇಕಿತ್ತು.

ದರ್ಜಿ ಮುನೀರನನ್ನು ಅವಳು ಮೆಚ್ಚಿದ್ದಳು. ಚಿಕ್ಕಪ್ಪನ ಮಗ ಜಾಸಿಬ್ ಅಡ್ಡ ನಿಂತ. ಹುಡುಗಿಯ ಮೇಲೆ ಮೊದಲ ಹಕ್ಕು ಚಿಕ್ಕಪ್ಪ-ದೊಡ್ಡಪ್ಪನ ಮಗನದು. "ನಮ್ಮನೆ ಹುಡುಗಿ, ಹೊರಗಿನವ್ರಿಗೆ ಕೊಡಲ್ಲ" ಎಂದು ಅಂಥವನು ಒಮ್ಮೆ ಅಂದರೆ ಮುಗಿಯಿತು, ನಮ್ಮಲ್ಲಿ ಬೇರೆ ಯಾವ ಗಂಡೂ ಆ ಹೊಸ್ತಿಲು ತುಳಿಯುವುದಿಲ್ಲ. ತಾನಾದರೂ ಕಟ್ಟಿಕೊಂಡನೇ? ಇಬ್ಬರು ಹೆಂಡಿರನ್ನಿಟ್ಟುಕೊಂಡು ಮೆರೆಯುತ್ತಿದ್ದ. ತಾನೂ ತಿನ್ನ, ಪರರಿಗೂ ಕೊಡ.

ಉಳಿದದ್ದು ಒಂದೇ ದಾರಿ. ಹುಡುಗಿಯ ತಂದೆ ಹಿರಿಯರೊಂದಿಗೆ ಅವನ ಮನೆಗೆ ಹೋಗಿ, ಕೊಟ್ಟ ಕಾಫಿಯನ್ನು ಕುಡಿಯದೆ ಕೆಳಗಿಡಬೇಕು. ಕೇಳಿದ್ದನ್ನು ಕೊಡುತ್ತೇನೆ ಎಂದ ಮೇಲೆಯೇ ಕುಡಿಯುವುದು. ಅತಿಥಿ ಕಾಫಿ ಮುಟ್ಟದೆ ಎದ್ದರೆ ಮನೆಯವನ ಮಾನ ಬೀದಿಪಾಲು. ಎಂಥ ಕಟುಕನೂ ಬಗ್ಗುತ್ತಾನೆ.

ಅವಳಪ್ಪ ಶನಾವಾ ಜಾಸಿಬನ ಮನೆಗೆ ಹೋದ. ಬಂದು, "ಒಪ್ಲಿಲ್ಲ ಮಗಳೇ, ಕಲ್ಲು ಕಣೇ ಅವನು" ಎಂದು ಕಣ್ಣೊರೆಸಿಕೊಂಡ. ಜೊತೆಗೆ ಹೋದ ಹಿರಿಯರು ತುಟಿ ಬಿಚ್ಚಲಿಲ್ಲ. ಮುನೀರ್ ಮಾತ್ರ ಕಾಯುತ್ತೇನೆ ಎಂದ.

ಆಮೇಲೊಂದು ಸಿನಿಮಾ ಬಂತು. ಅದರಲ್ಲೂ ಅಡ್ಡ ನಿಂತ ಚಿಕ್ಕಪ್ಪನ ಮಗ, ಅದರಲ್ಲೂ ಮುದಿ ತಂದೆ. ಆ ತಂದೆ ಬಟ್ಟಲು ಕೆಳಗಿಟ್ಟ, ಆ ದುಷ್ಟ ಬಗ್ಗಿದ, ಹೆಂಗಸರೆಲ್ಲ ನಾಲಗೆ ಆಡಿಸಿ ಉಲುಲು ಎಂದು ಖುಷಿಯ ಕೂಗು ಹಾಕಿದರು. ಸಬ್ರಿಯಾ ನನ್ನ ಮಣಿಕಟ್ಟು ಹಿಡಿದಳು.

"ಅಕ್ಕಾ, ಕೆಳಗಿಟ್ರೆ ಯಾರೂ ಇಲ್ಲ ಅನ್ನಲ್ಲ. ಜಾಸಿಬ್ ಹೆಂಗೆ ಇಲ್ಲ ಅಂದ?"

"ಸಿನಿಮಾ ಕಣೇ ಅದು."

ಅವಳು ಕೇಳಲಿಲ್ಲ. ಬಿರಬಿರನೆ ಮನೆಗೆ ನಡೆದಳು, ನಾನು ಹಿಂದೆಯೇ ಓಡಿದೆ. ಮುದುಕ ಜಪಮಣಿ ಎಣಿಸುತ್ತಿದ್ದ.

"ಅಪ್ಪ, ಬಟ್ಟಲು ಕೆಳಗಿಟ್ಯಾ?"

"ಕುಡ್ದೆ. ಕುಡ್ದ ಮೇಲೆ ಏನು ಕೇಳೋದು?"

"ಮರ್ತು ಕುಡಿದ್ಯಾ?"

"ಮರೆಯೋಕೆ ನಾನೇನು ನಿನ್ನೆ ಹುಟ್ಟಿದೋನಾ? ಇಟ್ಟಿದ್ರೆ ಅವನು ಬಿಟ್ಕೊಟ್ಟೇಬಿಡ್ತಿದ್ದ. ನಿಮ್ಮಮ್ಮ ಹೋದ್ಮೇಲೆ ನಂಗೆ ರೊಟ್ಟಿ ಸುಡೋರ್ಯಾರು? ಮಗಳಾದೋಳಿಗೆ ಅಷ್ಟೂ ತಿಳೀಬೇಡ್ವಾ?"

ಆ ಗಡ್ಡ ಹಿಡಿದು ಎಳೆಯಬೇಕೆನಿಸಿತು ನನಗೆ. ಒಮ್ಮೆ ಕಾಫಿ ಕುಡಿದೆದ್ದ ಮನೆಯಲ್ಲಿ ಅದೇ ಮಾತಿಗೆ ಮತ್ತೆ ಬಟ್ಟಲು ಇಡುವಂತಿಲ್ಲ. ಅದು ಮುದುಕನಿಗೂ ಗೊತ್ತು, ಮಗಳಿಗೂ ಗೊತ್ತು.

ಯಾರ್ಯಾರದೋ ಕಥೆಗೆ ಗೋಳೋ ಎಂದು ಅಳುತ್ತಿದ್ದವಳ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

"ಹೊತ್ತಾಯ್ತು, ಹಸಿವು" ಎಂದ ಶನಾವಾ.

ಅವಳು ಅಬಾಯಾ ತೆಗೆದಿಟ್ಟು ಹಿಟ್ಟು ನಾದಲು ಕೂತಳು. ಮುನೀರ್ ಮರುವರ್ಷ ಬಸ್ರಾದಲ್ಲಿ ಮದುವೆಯಾದ. ಈಗ ಸಬ್ರಿಯಾಳ ತಲೆ ಪೂರ್ತಿ ನರೆತಿದೆ. ಮುದುಕ ಗಟ್ಟಿಮುಟ್ಟಾಗಿದ್ದಾನೆ, ಹಲ್ಲು ಮಾತ್ರ ಇಲ್ಲ. ರೊಟ್ಟಿಯನ್ನು ಚಹಾದಲ್ಲಿ ನೆನೆಸಿ, ಅವಳೇ ಬಾಯಿಗಿಡುತ್ತಾಳೆ.