ನೀತಿಪಾಠದ ಪರೀಕ್ಷೆಯಲ್ಲಿ ಕಾಪಿ

ನಾನು ಜೀವನದಲ್ಲಿ ಒಮ್ಮೆ ಮಾತ್ರ ಕಾಪಿ ಹೊಡೆದಿದ್ದೇನೆ. ಅದೂ ನೀತಿಪಾಠದ ಪರೀಕ್ಷೆಯಲ್ಲಿ. ಮಂಗಳೂರಿನ ನಮ್ಮ ಪಾದ್ರಿಗಳ ಕಾಲೇಜಿನಲ್ಲಿ ಕ್ರೈಸ್ತ ಹುಡುಗರು ಧರ್ಮೋಪದೇಶಕ್ಕೆ ಹೋದರೆ ಉಳಿದವರು ನೀತಿಪಾಠಕ್ಕೆ ಕೂರಬೇಕಿತ್ತು. ಊಟವಾದ ಮೇಲಿನ ಆ ತರಗತಿಯಲ್ಲಿ ನಾನು ಕಲಿತದ್ದು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು. ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತೇ ಓಡಾಡುವ ನನಗೆ ಆ ವಿದ್ಯೆ ಈಗಲೂ ಉಪಯೋಗಕ್ಕೆ ಬರುತ್ತಿದೆ.

ಪಕ್ಕದವನ ಉತ್ತರ ಇಳಿಸುತ್ತಿದ್ದಾಗ ನೀತಿಪಾಠ ಮಾಡುತ್ತಿದ್ದ ಫಾದರ್ ಹಿಡಿದರು. ಬೈಯಲಿಲ್ಲ. ಎಲ್ಲರೂ ಹೋದ ಮೇಲೆ ಹೊಸ ಹಾಳೆ ಕೊಟ್ಟು, "ನಿನಗೆ ಅನಿಸಿದ್ದನ್ನು ಬರೆ. ನಾನು ಚಹಾ ಕುಡಿದು ಬರ್ತೇನೆ" ಎಂದು ಪುಸ್ತಕವನ್ನೂ ಮೇಜಿನ ಮೇಲೆಯೇ ಬಿಟ್ಟು ಹೋದರು. ಎಂಥ ಅನ್ಯಾಯ ನೋಡಿ! ಕಾವಲಿದ್ದರೆ ಕಣ್ತಪ್ಪಿಸಬಹುದು, ಕಾವಲೇ ಇಲ್ಲದಾಗ ಯಾರ ಕಣ್ಣು ತಪ್ಪಿಸುವುದು? ಪುಸ್ತಕ ಮುಟ್ಟದೆ ಬರೆದೆ, ನೂರಕ್ಕೆ ಮೂವತ್ತಾರು ಬಂತು. ಆ ಕಾಲೇಜು ಕಲಿಸಿದ ಅರ್ಥಶಾಸ್ತ್ರವೆಲ್ಲ ಮರೆತುಹೋಗಿದೆ, ಆ ಖಾಲಿ ಕೋಣೆ ಮರೆತಿಲ್ಲ. ಅದಕ್ಕಾಗಿ ಫಾದರಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಕಳೆದ ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿ ಸೇರಿತ್ತು. ಮೂರನೇ ಮಹಡಿಯ ಫ್ಲ್ಯಾಟನ್ನು ಜೆಸಿಂತಾ ಎಂಬ ನರ್ಸು ಬಾಡಿಗೆಗೆ ಕೇಳಿದ್ದಳು. ಕ್ರೈಸ್ತಳು ಎಂಬ ಒಂದೇ ಕಾರಣಕ್ಕೆ ಬೇಡವೆಂದು ರಿಜಿಸ್ಟರಿನಲ್ಲಿ ಬರೆದಾಗಿತ್ತು. ಬರೆಸಿದವರು ಚೇರ್ಮನ್ ವಸಂತಣ್ಣ. ನಮ್ಮದೇ ಕಾಲೇಜು, ನನಗಿಂತ ಎರಡು ವರ್ಷ ಸೀನಿಯರ್! ಮೊಮ್ಮಗಳಿಗೆ ಥಾಣೆ ನಗರದ ಕಾನ್ವೆಂಟಿನಲ್ಲಿ ಸೀಟು ಬೇಕು, ನಮ್ಮ ಪಾದ್ರಿಗಳಿಂದ ಒಂದು ಶಿಫಾರಸು ಪತ್ರ ತರಿಸಿಕೊಡು ಎಂದು ಹೋದ ತಿಂಗಳಷ್ಟೇ ನನ್ನ ಜೀವ ತಿಂದವರು. ಕ್ರೈಸ್ತರ ಇಂಗ್ಲಿಷು ಬೇಕು, ಶಿಸ್ತು ಬೇಕು, ಸೀಟು ಬೇಕು. ಅವರು ಮಾತ್ರ ನಮ್ಮ ಮೆಟ್ಟಿಲು ಹತ್ತಬಾರದು! ನನಗೆ ಮೈಯೆಲ್ಲ ಉರಿಯಿತು.

ನಮ್ಮ ಕಮಿಟಿಯಲ್ಲಿ ಒಮ್ಮತವಿಲ್ಲದೆ ಏನೂ ಪಾಸಾಗದು. ಆರು ಜನ 'ಒಪ್ಪಿಗೆ' ಎಂದು ಬರೆದು ಸಹಿ ಹಾಕಿಯಾಗಿತ್ತು, ಉಳಿದ ಸದಸ್ಯ ನಾನೊಬ್ಬನೇ. ವಸಂತಣ್ಣ ಪೆನ್ನು ಚಾಚಿದರು. "ಎಲ್ಲರದ್ದೂ ಆಯ್ತು ಮಾರಾಯ. ಮೇಲಿನದ್ದು ನೋಡಿ ಹಾಗೇ ಬರೆದುಬಿಡು. ಖಾಲಿಪೀಲಿ ಟೈಮ್ ಯಾಕೆ ವೇಸ್ಟ್?"

ಮೇಲಿನದ್ದು ನೋಡಿ ಬರೆಯಬೇಕಂತೆ! ಅದೂ ನನಗೆ ಹೇಳುವುದೇ? ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಹೇಳಿದೆ: "ವಸಂತಣ್ಣ, ನೀವು ಹೋಗಿ ಚಹಾ ಕುಡಿದು ಬನ್ನಿ."

ಅವರು ಬರುವಷ್ಟರಲ್ಲಿ 'ನನ್ನ ಒಪ್ಪಿಗೆಯಿಲ್ಲ' ಎಂದು ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿದ್ದೆ. ನಿರ್ಣಯ ಬಿದ್ದುಹೋಯಿತು. ನಿನ್ನೆ ಜೆಸಿಂತಾ ಸಾಮಾನು ಇಳಿಸಿದಳು. ವಸಂತಣ್ಣ ಲಿಫ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ಫಾದರ್ ಇದ್ದಿದ್ದರೆ ಈ ಸಲ ಮೂವತ್ತಾರಕ್ಕೆ ಇನ್ನೊಂದೆರಡು ಸೇರಿಸುತ್ತಿದ್ದರೇನೋ.