ಗೋಡೆಯ ಮೇಲಿನ ಅಂಜನಮೂರ್ತಿ

"ಅಮ್ಮಾ, ಕೆಳಗಿನ ಮನೆ ತಾತ ಸತ್ತೋಗಿದ್ದಾರಾ?"

ಮೋನಿಷಾ ಕೇಳಿದಾಗ ನಾನು ಅವಳ ಸಾಕ್ಸಿನ ಇನ್ನೊಂದು ಕಾಲು ಹುಡುಕ್ತಿದ್ದೆ. ಟೀವಿಯಲ್ಲಿ ಯಾವುದೋ ಧಾರಾವಾಹಿ. ಅದರೊಳಗಿನ ಮನೆಯ ಗೋಡೆಯಲ್ಲಿ ಹಾರ ಹಾಕಿದ ಫೋಟೋ, ಮುಂದೆ ದೀಪ. ಫೋಟೋದಲ್ಲಿದ್ದವರು ನಮ್ಮ ಕೆಳಗಿನ ಮನೆಯ ಅಂಜನಮೂರ್ತಿಯವರು. ಅದೇ ಹೊತ್ತಿಗೆ ಅವರು ಕೆಳಗೆ ಕಾವೇರಿ ನೀರು ಬಂತೆಂದು ಡ್ರಮ್ಮಿಗೆ ಪೈಪು ಹಾಕಿ ಕೆಮ್ಮುತ್ತಿದ್ದರು. ಕಿಟಕಿಯಿಂದ ತೋರಿಸಿದೆ. ಐದು ವರ್ಷದ ಹುಡುಗಿಗೆ ಅಷ್ಟು ಸಾಕಾಗಲಿಲ್ಲ. ಮತ್ತೆ ಹಾರ ಯಾಕೆ ಅಂದಳು. ಅದು ಅವರ ಕೆಲಸ ಅಂದೆ. ಅಂದ ಮೇಲೆ ನನಗೇ ಒಂಥರಾ ಆಯಿತು.

ಕಾಕ್ಸ್ ಟೌನಿನ ಈ ಮನೆಗೆ ನಾವು ಬಾಡಿಗೆಗೆ ಬಂದು ಮೂರು ವರ್ಷ. ಅಂಜನಮೂರ್ತಿಯವರಿಗೆ ಅರವತ್ತೊಂಬತ್ತು. ನರ್ಸ್ ಆಗಿರುವ ಮಗಳು ಭಾಗ್ಯಲಕ್ಷ್ಮಿಯ ಜೊತೆ ಇದ್ದಾರೆ. ಅವರ ಕತೆಯನ್ನೆಲ್ಲ ನಾನು ಕೇಳಿದ್ದು ತಾರಸಿಯಲ್ಲಿ, ಬಟ್ಟೆ ಒಣಹಾಕುತ್ತಾ, ದಿನಕ್ಕಿಷ್ಟು.

ಹುಟ್ಟಿದ್ದು ಹೊರಮಾವಿನಲ್ಲಿ, ಅದಿನ್ನೂ ಊರಾಗಿದ್ದಾಗ. ಕೆ.ಆರ್. ಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹದಿನೇಳನೇ ವಯಸ್ಸಿಗೆ ಪೌರಾಣಿಕ ನಾಟಕಕ್ಕೆ ಬಣ್ಣ ಹಚ್ಚಿದವರು ಮೂವತ್ತು ವರ್ಷ ರಾಜನ ಪಾರ್ಟು ಮಾಡಿದರು. ಆ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಡದೆ ಯಾರೂ ಬಾಯಿ ತೆರೆಯುವಂತಿಲ್ಲವಂತೆ. ರಾಜ ಬಂದು ಎದೆಯೆತ್ತಿ ನಿಲ್ಲಬೇಕು. ಮೇಷ್ಟ್ರು ಹಾರ್ಮೋನಿಯಂನ ಮನೆ ಒತ್ತಿ ಶ್ರುತಿ ಹಿಡಿಯಬೇಕು. ಆ ನಾದ ಕಿವಿಗೆ ತುಂಬಿದ ಮೇಲೆ ಮಾತು. ಅಲ್ಲಿಯವರೆಗೆ ಜನವೂ ಉಸಿರು ಹಿಡಿದು ಕೂತಿರುತ್ತಾರೆ.

ನಲವತ್ತೇಳನೇ ವಯಸ್ಸಿನಲ್ಲಿ ಒಂದು ಧಾರಾವಾಹಿಗೆ ಕರೆದರು. ಊರ ಗೌಡನ ಪಾತ್ರ, ನಾಲ್ಕು ಸಾಲು ಮಾತು. ಮೂರ್ತಿಯವರು ಎದೆಯೆತ್ತಿ ನಿಂತರು. ನಿರ್ದೇಶಕರು "ಆ್ಯಕ್ಷನ್" ಅಂದರು. ಇವರು ನಿಂತೇ ಇದ್ದರು. ಎರಡನೇ ಸಲವೂ ಹಾಗೇ. ಮಾತು ಮರೆತಿದ್ದಾರೆಂದು ಪಕ್ಕದಿಂದ ಒಬ್ಬರು ಸಾಲು ಓದಿ ಹೇಳಿಕೊಟ್ಟರು. "ಗೊತ್ತು ಸ್ವಾಮಿ" ಅಂದವರು ಮತ್ತೆ ಸುಮ್ಮನೆ ನಿಂತರು. ಬಾರದ ಹಾರ್ಮೋನಿಯಂಗೆ ಕಾಯುತ್ತಿದ್ದೇನೆಂದು ಅವರಿಗೇ ಹೊಳೆದಿದ್ದು ಮನೆಗೆ ಹೋಗುವಾಗ, ಬಸ್ಸಿನಲ್ಲಿ.

ಅಷ್ಟರಲ್ಲಿ ಪಾತ್ರ ಬೇರೆಯವರ ಪಾಲಾಗಿತ್ತು. ಇವರು ಹೊರಡುವ ಮೊದಲು, ಪೇಟ, ಮೀಸೆ ಎಲ್ಲ ಆಗಿದೆಯಲ್ಲ ಎಂದು ಇವರದೊಂದು ಫೋಟೋ ತೆಗೆದು, ಗೌಡನ ತೀರಿಹೋದ ಅಣ್ಣನೆಂದು ಗೋಡೆಗೆ ಹಾಕಿದರು. ಫೋಟೋ ತೆಗೆದ ಮೇಲೆ ಇವರನ್ನು ಕ್ಯಾಮೆರಾ ಮುಂದೆ ಒಮ್ಮೆ ನಗಿಸಿ ಕಳಿಸಿದರು. ಸತ್ತವರ ಪಾತ್ರ ಮಾಡಿದವರಿಗೆ ಕೆಡುಕಾಗದಿರಲಿ ಎಂದು ಅದೊಂದು ಪದ್ಧತಿಯಂತೆ. ಹೆಂಡತಿ ಯಶೋದಮ್ಮನವರಿಗೆ ಆ ನಗು ಸಾಲದು. ಅಂಥ ಪಾತ್ರ ಮಾಡಿ ಬಂದಾಗಲೆಲ್ಲ ಬಾಗಿಲಲ್ಲೇ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಒಲೆಗೆ ಹಾಕಿ, "ಈಗ ಬಾರಯ್ಯ ಒಳಗೆ, ಸತ್ತಿದ್ದು ಸಾಕು" ಅನ್ನುತ್ತಿದ್ದರಂತೆ. ಅವರು ಹೋಗಿ ಎರಡು ವರ್ಷವಾಯಿತು.

ಆ ಮೊದಲ ಫೋಟೋ ಆದ ಮೇಲಿನ ಇಪ್ಪತ್ತೆರಡು ವರ್ಷ ಅಂಜನಮೂರ್ತಿ ಗೋಡೆಯ ಮೇಲೇ ಇದ್ದಾರೆ. ನಡುವೆ ಎರಡು ಸಿನಿಮಾದಲ್ಲಿ ಹೆಣ, ಒಂದರಲ್ಲಿ ಪ್ರಜ್ಞೆಯಿಲ್ಲದ ರೋಗಿ. ಒಂದು ಸಾಲು ಮಾತು ಯಾರೂ ಕೊಡಲಿಲ್ಲ.

ಹೋದ ತಿಂಗಳು ಬೆನ್ಸನ್ ಟೌನಿನ ಸಿದ್ಧಾರ್ಥ್ ಎಂಬ ಹುಡುಗ ಹುಡುಕಿಕೊಂಡು ಬಂದ. ಅವನದು ಮೊದಲ ಸಿನಿಮಾ. ಹಾಳೆ ಮಡಿಸಿ ಕೈಗಿಟ್ಟ. ನಿವೃತ್ತ ಅಪ್ಪ ಮಗಳ ಹತ್ತಿರ ಎರಡು ನಿಮಿಷ ಮಾತಾಡುವ ದೃಶ್ಯ. ದನಿಯನ್ನು ಅಲ್ಲೇ ಹಿಡಿಯುತ್ತಾರಂತೆ, ಆಮೇಲೆ ಡಬ್ಬಿಂಗ್ ಇಲ್ಲ. ಚಿತ್ರೀಕರಣ ಈ ಶನಿವಾರ.

ಎರಡೇ ದಿನಕ್ಕೆ ಬಾಯಿಪಾಠವಾಯಿತು. ತಾರಸಿಯಲ್ಲಿ ಹಾಳೆ ಹಿಡಿದು ನೋಡುವ ಕೆಲಸ ನನ್ನದು. ಶುರು ಮಾಡಿ ಅಂದೆ. ಶುರುವಾಗಲಿಲ್ಲ. ಮೊಬೈಲಿನಲ್ಲಿ ನೋಡಿಕೊಂಡೆ, ಐದು ಸೆಕೆಂಡು, ಕೆಲವು ಸಲ ಆರು. ಆಮೇಲೆ ದನಿ ಬಂತು. ಮೆಲ್ಲಗೆ, ಯಾವ ರಾಜನೂ ಇಲ್ಲದ ದನಿ. ತೀರಿಹೋದ ನಮ್ಮಪ್ಪ ಪಕ್ಕದಲ್ಲಿ ಕೂತ ಹಾಗಾಯಿತು. ಒದ್ದೆ ಟವಲ್ ಹಿಂಡುವುದನ್ನೇ ಮರೆತೆ.

ನಾನು ಸುಮ್ಮನಿರುವವಳಲ್ಲ. ಮೊಬೈಲಿಗೆ ಶ್ರುತಿಪೆಟ್ಟಿಗೆಯ ಆ್ಯಪ್ ಹಾಕಿಕೊಂಡು ಮಾತಿಗೆ ಮೊದಲೇ ನುಡಿಸಿ ನೋಡಿದೆ. ತಕ್ಷಣ ಶುರು ಮಾಡಿದರು ನಿಜ, ಆದರೆ ಬಂದದ್ದು ಹಳೇ ರಾಜ. ಎದುರುಮನೆ ಮಾನಮ್ಮ ಹೊರಗೆ ಬಂದು ಯಾರ ಜಗಳ ಅಂತ ಕೇಳಿದರು. ಶ್ರುತಿ ಬೇಡ, ಕಾಯುವುದೇ ಬೇಕು ಅಂತ ನಮ್ಮಿಬ್ಬರಿಗೂ ಗೊತ್ತಾಯಿತು. ಅಷ್ಟು ಹೊತ್ತು ಕ್ಯಾಮೆರಾ ಮುಂದೆ ಯಾರೂ ಬಿಡುವುದಿಲ್ಲ ಅನ್ನುವುದೂ.

ಭಾಗ್ಯಲಕ್ಷ್ಮಿಗೆ ಇದು ಇಷ್ಟವಿಲ್ಲ. ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಾ ಅಂದಳು: "ಆಗಲ್ಲ ಅಂತ ಈಗ್ಲೇ ಹೇಳ್ಬಿಡಪ್ಪ. ಫೋಟೋ ಆಗಿದ್ರೆ ನಿಂಗೆ ಯಾರೂ ಕಟ್ ಅನ್ನಲ್ಲ." ಅವಳ ಕಣ್ಣು ತುಂಬಿತ್ತು. ಅವರು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡರು.

ನಿನ್ನೆ ಸಂಜೆ ಮೆಟ್ಟಿಲು ಹತ್ತಿ ಬಂದರು. ಕೂರಿ ಅಂದರೆ ಕೂರಲಿಲ್ಲ. ಮೋನಿಷಾಗೆ ಊಟ ಮಾಡಿಸುತ್ತಿದ್ದೆ, ತುತ್ತು ಕೈಯಲ್ಲೇ ಇತ್ತು. ಶನಿವಾರ ನಿಮಗೆ ರಜ ಅಲ್ವಾ ಅಂತ ಕೇಳಿದರು. ಹೌದು ಅಂದೆ.

"ನನ್ ಜೊತೆ ಒಂದರ್ಧ ಗಂಟೆ ಬರ್ತೀರೇನಮ್ಮ? ಆ ಹುಡುಗರಿಗೆ ಮೊದ್ಲೇ ಒಂದು ಮಾತು ಹೇಳ್ಬೇಕು. ಈ ಮನುಷ್ಯ ಮರ್ತಿಲ್ಲ, ಕಾಯ್ತಿದ್ದಾನೆ, ಒಂಚೂರು ತಡ್ಕೊಳ್ಳಿ ಅಂತ. ನಾನೇ ಹೇಳಿದ್ರೆ ವಯಸ್ಸಾಯ್ತು, ನೆಪ ಹೇಳ್ತಾನೆ ಅಂದ್ಕೋತಾರೆ. ನೀವು ಹೇಳಿ."