ನಮ್ಮತ್ತೆ ಉಚ್ಚೆ ಹೊಯ್ದ ದಿನ

ಹತ್ತೊಂಬತ್ತು ವರ್ಷ ನಾನು ನನ್ನ ಭಾವನವರ ಎದುರು ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇರಲಿಲ್ಲ, ನಮ್ಮ ಕಡೆಯ ರಿವಾಜು ಅಷ್ಟೇ. ಗಂಡನ ಅಣ್ಣ ಅಂಗಳಕ್ಕೆ ಬಂದರೆ ಸೆರಗು ತಲೆ ಮೇಲೆ ಏರಬೇಕು, ಬಾಯಿ ಮುಚ್ಚಬೇಕು. ಚಹಾ ಬೇಕೇ ಎಂದು ಕೇಳುವುದಕ್ಕೂ ನಡುವೆ ಇನ್ನೊಬ್ಬರು ಬೇಕು. ಇದೇ ನಾನು ಅಂಗನವಾಡಿಯಲ್ಲಿ ಮುಂಜಾನೆಯಿಂದ ಊರಿನ ಬಸುರಿಯರಿಗೆಲ್ಲ ಗಂಟಲು ಹರಿಯುವಂತೆ ಆರೋಗ್ಯದ ಪಾಠ ಹೇಳುವವಳು. ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಮೂಗಿ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮದು ಬಸವಕಲ್ಯಾಣ ತಾಲೂಕಿನಲ್ಲಿ ಗೋರ್ಟಾ ಹತ್ತಿರದ ಊರು. ಆ ವರ್ಷ ತೊಗರಿ ಕೊಯ್ಲಿಗೆ ಕೂಲಿ ಹೋದ ನಮ್ಮತ್ತೆಯ ಅಂಗಾಲಿಗೆ ಕೂಳೆ ಚುಚ್ಚಿತು. ಗಿಡ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಆ ಮೊನಚು ಬುಡ ಚಪ್ಪಲಿಯನ್ನೂ ತೂರಿಕೊಂಡು ಬರುತ್ತದೆ. ಅತ್ತೆ ಅರಿಸಿನ ಮೆತ್ತಿ, ಹಳೆ ಸೀರೆಯ ಚಿಂದಿ ಸುತ್ತಿ, ಮರುದಿನ ಮತ್ತೆ ಹೊಲಕ್ಕೆ ಹೋದರು. ಬೇಡ ಎಂದರೆ ಕೇಳುವ ಜೀವವಲ್ಲ ಅದು. ಐದನೆಯ ದಿನಕ್ಕೆ ಕಾಲು ಮೊಳಕಾಲಿನವರೆಗೆ ಊದಿ ಕೆಂಪಾಗಿತ್ತು, ಹಲ್ಲು ಕಟಕಟ ಎನ್ನುವಂಥ ಚಳಿಜ್ವರ.

ಭಾವ ಮತ್ತು ನನ್ನ ಗಂಡ ಅವರನ್ನು ಬಸವಕಲ್ಯಾಣದ ಒಬ್ಬ ಡಾಕ್ಟರ ಹತ್ತಿರ ಒಯ್ದರು. ಹೆಂಗಸೊಬ್ಬಳು ಜೊತೆಗಿರಲಿ ಎಂದು ನನ್ನನ್ನೂ ಕರೆದುಕೊಂಡರು. ಡಾಕ್ಟರು ಕಾಲು ನೋಡಿದರು, ಎದೆ ಪರೀಕ್ಷಿಸಿದರು, ಆಮೇಲೆ ಕೇಳಿದರು.

“ಅಮ್ಮಾ, ಉಚ್ಚಿ ಬರಾಬರ್ ಹೋಗಾಕತ್ತದೇನು?”

ಅತ್ತೆಯ ಎಡಕ್ಕೊಬ್ಬ ಬಲಕ್ಕೊಬ್ಬ ಗಂಡುಮಕ್ಕಳು ನಿಂತಿದ್ದರು. ಹೊಲದಲ್ಲಿ ದುಡಿಯುವಾಗ ಗಂಡಸರ ಕಣ್ಣು ತಪ್ಪಿಸಬೇಕೆಂದು ದಿನವಿಡೀ ನೀರೇ ಕುಡಿಯದ ಹೆಂಗಸು, ಮಕ್ಕಳ ಮುಂದೆ ಆ ಮಾತಿಗೆ ಉತ್ತರ ಕೊಡುವುದುಂಟೇ? ನೆಲ ನೋಡುತ್ತ, “ಹ್ಞೂಂ, ಹೋಗಾಕತ್ತದರಿ” ಎಂದುಬಿಟ್ಟರು.

ಶುದ್ಧ ಸುಳ್ಳು. ಹಿಂದಿನ ದಿನದಿಂದ ಅವರನ್ನು ಹಿತ್ತಲಿಗೆ ಕೈಹಿಡಿದು ಕರೆದೊಯ್ಯುತ್ತಿದ್ದವಳು ನಾನು. ಕೂತು, ಕಾದು, ಹಾಗೇ ಎದ್ದು ಬರುತ್ತಿದ್ದರು. ನಾನು ಗಂಡನ ಮೊಳಕೈ ಚಿವುಟಿದೆ. ಆ ಪುಣ್ಯಾತ್ಮ ತಿರುಗಿ, “ಏನ, ನೀರ ಬೇಕೇನು?” ಎಂದರು. ಪಕ್ಕದಲ್ಲೇ ಭಾವ. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಉಚ್ಚೆ ಕಡಿಮೆಯಾದರೆ ತಡ ಮಾಡದೆ ಬರಬೇಕೆಂದು ಎರಡು ಸಲ ಹೇಳಿ ಕಳಿಸಿದರು. ನಾವು ಹೇಳಿದ ಸುಳ್ಳನ್ನು ನಂಬಿದ ಅವರಾದರೂ ಏನು ಮಾಡಿಯಾರು? ಸಂಜೆ ಗಂಡನಿಗೆ ಬಿಡಿಸಿ ಹೇಳಿದೆ. “ಅವ್ವಾಗ ನಾ ಹ್ಯಾಂಗ ಕೇಳ್ಲಿ?” ಎಂದು ಅವರೂ ನೆಲ ನೋಡಿದರು.

ಮರುದಿನ ಮುಂಜಾನೆ ಅತ್ತೆ ನನ್ನನ್ನು ಸತ್ತುಹೋದ ತಮ್ಮ ಅಕ್ಕನೆಂದು ತಿಳಿದು, ಎಮ್ಮೆ ಕಟ್ಟು ಎಂದರು. ಮಲಗಿದಲ್ಲೇ ಓಡಿಬಂದವರ ಹಾಗೆ ಏದುಸಿರು. ಜೀಪು ಮಾಡಿಕೊಂಡು ನೇರ ಹುಮನಾಬಾದಿನ ದೊಡ್ಡ ದವಾಖಾನೆಗೆ ಹೋದೆವು. ಐಸಿಯು ಬಾಗಿಲಲ್ಲಿದ್ದ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿಪಿ ನೋಡಿ ಅವರ ಮುಖ ಬಿಗಿಯಿತು. ಕೇಳಿದ್ದು ಅದೇ ಪ್ರಶ್ನೆ.

ಭಾವ ಉತ್ತರ ಕೊಟ್ಟರು. “ನಿನ್ನೀತನಾ ಹೋಗ್ಯದ್ರಿ. ಅವ್ವಾನ ಹೇಳ್ಯಾಳ.”

ಆಗ ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಭಾವನವರನ್ನು ಸರಿಸಿಕೊಂಡೇ ಮುಂದೆ ಬಂದೆ.

“ಸುಳ್ಳರೀ ಮೇಡಂ! ಎರಡ ದಿನಾ ಆತು, ಒಂದ ಹನೀನೂ ಇಲ್ಲ. ಅತ್ತಿ ಮಕ್ಕಳ ಮುಂದ ನಾಚಿ ಸುಳ್ಳ ಹೇಳ್ಯಾರ, ನಾ ಇವರ ಮುಂದ ಅಂಜಿ ಸುಮ್ಮ ನಿಂತೀನಿ. ಉಚ್ಚಿ ಹೋಗಿಲ್ರೀ, ಉಚ್ಚಿ!”

ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಸೆರಗು ಎಲ್ಲಿತ್ತೋ ನನಗೇ ತಿಳಿಯದು. ಡಾಕ್ಟರು ಮಾತ್ರ ನನ್ನೊಬ್ಬಳನ್ನೇ ನೋಡುತ್ತ, ಯಾವಾಗಿನಿಂದ, ಬಣ್ಣ ಹೇಗಿತ್ತು, ನೋವಿನ ಗುಳಿಗೆ ಏನಾದರೂ ನುಂಗಿದ್ದರೇ ಎಂದು ಒಂದೊಂದಾಗಿ ಕೇಳಿದರು. ನುಂಗಿದ್ದರು, ಕಿರಾಣಿ ಅಂಗಡಿಯಿಂದ ತಂದು, ದಿನಕ್ಕೆ ಮೂರು. ಅದನ್ನೂ ಹೇಳಿದೆ.

ಒಳಗೆ ಉಚ್ಚೆ ತೆಗೆಯುವ ನಳಿಗೆ ಹಾಕಿದಾಗ ಬಂದದ್ದು ಎರಡು ಚಮಚ, ಡಿಕಾಕ್ಷನ್ ಬಣ್ಣದ್ದು. ಡಾಕ್ಟರು ಹೊರಗೆ ಬಂದು ತಿಳಿಸಿ ಹೇಳಿದರು. ಕಾಲಿನ ಸೋಂಕು ರಕ್ತಕ್ಕೆ ಏರಿದೆ, ಬಿಪಿ ಬಿದ್ದಿದೆ, ಕಿಡ್ನಿಗಳಿಗೆ ಏಟು ಬಿದ್ದು ಕೆಲಸ ನಿಲ್ಲಿಸಿವೆ. ಕಾಲು ಸೀಳಿ ಕೀವು ತೆಗೆಯಬೇಕು, ಡಯಾಲಿಸಿಸ್ ಮಾಡಬೇಕು, ಸಹಿ ಹಾಕಿ.

ಅಷ್ಟರಲ್ಲಿ ನಿರ್ಣಾದಿಂದ ಅತ್ತೆಯ ತಮ್ಮ ಬಂದು ಮುಟ್ಟಿದ್ದರು. “ಮಶೀನಿಗೆ ಒಮ್ಮೆ ಹಚ್ಚಿದರ ಸಾಯೂತನಕ ಬಿಡಂಗಿಲ್ಲಪಾ. ಸುಮ್ಮ ಮನೀಗಿ ಒಯ್ಯೋಣು” ಎಂದರು. ಭಾವನವರ ಕೈಯಲ್ಲಿದ್ದ ಪೆನ್ನು ನಿಂತಿತು. ಡಾಕ್ಟರು ಹೇಳಿದರು, “ಖಾತ್ರಿ ನಾ ಕೊಡಂಗಿಲ್ರಿ. ಆದರ ಇದು ಹಳೇ ಕಿಡ್ನಿ ರೋಗ ಅಲ್ಲ. ಸೋಂಕು ಇಳೀತಂದ್ರ ಕಿಡ್ನಿ ತಿರುಗಿ ಏಳಬಹುದು. ಅಲ್ಲೀತನಾ ಆ ಕೆಲಸ ಮಶೀನು ಮಾಡ್ತದ.”

ಒಮ್ಮೆ ಬಾಯಿ ಬಿಟ್ಟವಳು ಇನ್ನು ಮುಚ್ಚುವುದುಂಟೇ? “ಸಹಿ ಮಾಡ್ರಿ” ಎಂದೆ, ನೇರವಾಗಿ ಭಾವನವರಿಗೇ.

ಅವರು ಕಾಗದದಿಂದ ಕಣ್ಣೆತ್ತಲಿಲ್ಲ. “ನೀ ಹೇಳ್ತಿ ಅಂದ್ರ ಮಾಡ್ತೀನಿ” ಎಂದು ಸಹಿ ಹಾಕಿದರು.

ಆಮೇಲಿನ ಒಂದು ವಾರ ನಮ್ಮ ಜೀವವೆಲ್ಲ ನಳಿಗೆಯ ತುದಿಗೆ ಕಟ್ಟಿ ಅತ್ತೆಯ ಮಂಚದ ಕೆಳಗೆ ತೂಗುಬಿಟ್ಟಿದ್ದ ಪ್ಲಾಸ್ಟಿಕ್ ಚೀಲದಲ್ಲಿತ್ತು. ಒಳಗೆ ಬಿಡುತ್ತಿದ್ದದ್ದು ದಿನಕ್ಕೆ ಎರಡು ಸಲ, ಒಬ್ಬೊಬ್ಬರನ್ನೇ. ಹೋದವರು ಅತ್ತೆಯ ಮುಖ ನೋಡುವ ಮುಂಚೆ ಬಗ್ಗಿ ಚೀಲ ನೋಡುತ್ತಿದ್ದರು. ಕಾಲಿನ ಕೀವು ತೆಗೆದರು, ಮೂರು ಸಲ ಡಯಾಲಿಸಿಸ್ ಆಯಿತು. ಜ್ವರ ಇಳಿಯಿತು, ಬಿಪಿ ಸರಿಹೋಯಿತು, ಅತ್ತೆ ನನ್ನನ್ನು ಗುರುತಿಸಿ, ಅನ್ನ ಉಂಡೆಯೇನು ಎಂದು ಕೇಳಿದರು. ಚೀಲದಲ್ಲಿ ಮಾತ್ರ ಏನೂ ಇಲ್ಲ. ಚಿಟಗುಪ್ಪದ ನೆಂಟರಿಂದ, ಊರಿನಿಂದ ಫೋನು ಬಂದರೆ ಯಾರೂ ಆರಾಮ ಇದ್ದಾರಾ ಎನ್ನುತ್ತಿರಲಿಲ್ಲ. “ಆತೇನು?” ಅಷ್ಟೇ. ಏನು ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ನಾನು ಒಳಗೊಳಗೇ ಬೆಂದುಹೋದೆ. ಬಸವಕಲ್ಯಾಣದಲ್ಲೇ ಬಾಯಿ ಬಿಟ್ಟಿದ್ದರೆ ಒಂದು ದಿನ ಉಳಿಯುತ್ತಿತ್ತು.

ಎಂಟನೆಯ ದಿನ ಮುಂಜಾನೆ ನರ್ಸಮ್ಮ ಬಾಗಿಲು ತಳ್ಳಿಕೊಂಡು ಬಂದಳು. ನಗುತ್ತಿದ್ದಳು. “ಎಪ್ಪತ್ತ ಎಮ್ಮೆಲ್!”

ನನ್ನ ಗಂಡ ಗೋಡೆಗೆ ಒರಗಿ ಅತ್ತುಬಿಟ್ಟರು. ಭಾವ ಫೋನು ತೆಗೆದರು. ತಾಯಿಯ ಮುಂದೆ ಎಂದೂ ಆ ಮಾತೆತ್ತದ ಮನುಷ್ಯ, ಊರಿನ ಹತ್ತಾರು ಮನೆಗಳಿಗೆ ಒಂದಾದ ಮೇಲೊಂದು ಫೋನು ಹಚ್ಚಿ ಕೂಗಿದರು. “ಎಪ್ಪತ್ತ ಎಮ್ಮೆಲ್ ಉಚ್ಚಿ ಆಗ್ಯದ! ಅವ್ವಾಂದು! ಎಪ್ಪತ್ತ!” ಮರುದಿನ ಮುನ್ನೂರು. ಅದರ ಮರುದಿನ ಕಟ್ಟೆ ಒಡೆದಂತೆ ಲೀಟರುಗಟ್ಟಲೆ. ನರ್ಸಮ್ಮ ಮಧ್ಯಾಹ್ನದೊಳಗೆ ಚೀಲ ಎರಡು ಸಲ ಖಾಲಿ ಮಾಡಿ, “ನಿಮ್ಮ ಅತ್ತಿ ನನ್ನ ಒಂದ ಗಳಿಗಿ ಕೂಡಗೊಡಂಗಿಲ್ರಿ” ಎಂದು ಹುಸಿ ಸಿಟ್ಟು ತೋರಿಸಿದಳು. ನಿರ್ಣಾದ ಮಾವ ಮಾತ್ರ ಮಶೀನಿನ ಸುದ್ದಿ ಎತ್ತದೆ ಎಲ್ಲರಿಗೂ ಚಹಾ ತರಿಸಿದರು.

ಡಯಾಲಿಸಿಸ್ ಸಾಕು ಎಂದರು ಡಾಕ್ಟರು. ಕೆಲವು ದಿನ ಬಿಟ್ಟು ನಳಿಗೆಯನ್ನೂ ತೆಗೆದರು. ಇನ್ನು ತಾನಾಗಿಯೇ ಹೋಗಬೇಕು, ಹೋಗದಿದ್ದರೆ ಮತ್ತೆ ನಳಿಗೆ. ಅತ್ತೆ ಬೆಡ್‌ಪ್ಯಾನನ್ನು ಕಾಲಿನಿಂದಲೇ ಆಚೆ ನೂಕಿದರು. ಒಂದು ಕೈ ನನ್ನ ಹೆಗಲ ಮೇಲೆ, ಒಂದು ಕೈ ಗೋಡೆಗೆ, ಪಟ್ಟಿ ಸುತ್ತಿದ ಕಾಲಿನ ಹಿಮ್ಮಡಿಯನ್ನಷ್ಟೇ ಊರುತ್ತ ಕಾರಿಡಾರಿನ ತುದಿಯವರೆಗೆ ನಡೆದರು. ಶೌಚಾಲಯದ ಬಾಗಿಲಲ್ಲಿ ನನ್ನ ಕೈ ಬಿಡಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊರಗೆ ನಾನು, ನನ್ನ ಗಂಡ, ಭಾವ, ನರ್ಸಮ್ಮ. ರೌಂಡ್ಸಿಗೆ ಬಂದ ಡಾಕ್ಟರೂ ನಿಂತರು. ಬಹಳ ಹೊತ್ತಾಯಿತು. ತಡೆಯಲಾರದೆ ಭಾವನೇ ಬಾಗಿಲ ಹತ್ತಿರ ಹೋಗಿ ಕೇಳಿದರು.

“ಅವ್ವಾ, ಉಚ್ಚಿ ಆತೇನು?”

ಒಳಗಿನಿಂದ ನಮ್ಮತ್ತೆಯ ದನಿ ಇಡೀ ವಾರ್ಡಿಗೆ ಕೇಳುವಂತೆ ಬಂತು.

“ಆಗಾಕತ್ತದೋ ನನ್ನಪ್ಪಾ! ಭಾಳ ಅದ, ಇನ್ನಾ ಆಗಾಕತ್ತದ!”